ಬೀಗರನ್ನು ಎತ್ತಿ ಕೂರಿಸುವುದು

ಫೋನ್ ಕೋಣೆಯಲ್ಲಿ ಕೆಲಸ ಮಾಡುವವರಿಗೆ ದೇವರು ಕಾಲು ಕೊಡಬಾರದಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಕಾಲಿದ್ದರೆ ತಾನೆ ಎದ್ದು ಓಡಬೇಕೆನ್ನಿಸುವುದು? ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, "ಎಷ್ಟನೇ ಮಹಡಿ? ಮಾತಾಡ್ತಿದ್ದಾರಾ? ಬಾಗಿಲು ತೆಗೆದಿಟ್ಟಿರಿ" ಎಂದು ಹೇಳಿ ಗುಂಡಿ ಒತ್ತಿದರೆ, ಹೊರಗೆ ಅಂಗಳದಲ್ಲಿ ಆಂಬುಲೆನ್ಸ್ ಕೂಗಿಕೊಂಡು ಹೊರಡುತ್ತಿತ್ತು. ಅವಳು ಮಾತ್ರ ಅಲ್ಲೇ ಉಳಿಯುತ್ತಿದ್ದಳು. ಬಚ್ಚಲಲ್ಲಿ ಬಿದ್ದ ಮುದುಕ ಎದ್ದನೋ ಇಲ್ಲವೋ, ಎದೆ ಹಿಡಿದುಕೊಂಡು ಕೂತ ಹೆಂಗಸು ಏನಾದಳೋ, ಅವಳಿಗೆ ತಿಳಿಯುತ್ತಿರಲಿಲ್ಲ. ಕಥೆಯ ಮೊದಲ ಸಾಲು ಓದಿ ಪುಸ್ತಕವನ್ನು ಬೇರೆಯವರ ಕೈಗೆ ಕೊಡುವ ಕೆಲಸ ಅದು. ಮೇಜಿನ ಕೆಳಗೆ ಅವಳ ಎಡಗಾಲು ಹೊಲಿಗೆ ಯಂತ್ರ ತುಳಿದ ಹಾಗೆ ಆಡುತ್ತಲೇ ಇರುತ್ತಿತ್ತು.

"ಅಕ್ಕ, ಸ್ವಲ್ಪ ಕಾಲು ನಿಲ್ಸಿ. ನನ್ನ ಟೀ ಅಲೆ ಹೊಡೀತಿದೆ" ಎನ್ನುತ್ತಿದ್ದಳು ಪಕ್ಕದ ಮೇಜಿನವಳು.

ಆ ಆಂಬುಲೆನ್ಸ್ ಠಾಣೆಯಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಅರ್ಧ ಆಯಸ್ಸನ್ನು ಗಾಡಿಯ ಹಿಂಬದಿಯಲ್ಲಿ, ರೋಗಿಗಳನ್ನು ಎತ್ತುವುದರಲ್ಲಿ, ಇಳಿಸುವುದರಲ್ಲಿ ಕಳೆದವಳು. ಒಂದು ದಿನ ಇಕ್ಕಟ್ಟಾದ ಮೆಟ್ಟಿಲ ತಿರುವಿನಲ್ಲಿ ಅವಳ ನಡು ಕೈಕೊಟ್ಟಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಎದ್ದ ಮೇಲೆ, ತಾತ್ಕಾಲಿಕ ಎಂದು ಫೋನ್ ಕೋಣೆಗೆ ಹಾಕಿದರು. ತಾತ್ಕಾಲಿಕ ಎನ್ನುವ ಮಾತು ಆ ಕುರ್ಚಿಯಲ್ಲೇ ಬೇರು ಬಿಟ್ಟುಕೊಂಡು ಎರಡು ವರ್ಷ ಕೂತಿತು.

ಈಗ ಗಾಡಿಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅವಳು ಮೇಲ್ವಿಚಾರಕನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು. ಅವನು ಕನ್ನಡಕ ತೆಗೆದು ಒರೆಸಿದ. ಇಲ್ಲ ಎನ್ನುವ ಮೊದಲು ಅವನು ಮಾಡುವ ಕೆಲಸ ಅದೇ.

"ವಯಸ್ಸು ನೋಡ್ಕೋಬೇಕಲ್ವಾ ಅಕ್ಕ?"

"ನಾವು ನೋಡ್ತಾ ಕೂತ್ರೆ ಅದೇನು ಏರೋದು ನಿಲ್ಲಿಸುತ್ತಾ ಸಾರ್?"

ಕೊನೆಗೆ ಅವನು ಒಪ್ಪಿದ್ದು ಒಂದು ಷರತ್ತಿನ ಮೇಲೆ. ತಿಂಗಳ ಕೊನೆಗೆ ಅವಳು ಒಬ್ಬಳೇ ಬೀಗರನ್ನು ನೆಲದಿಂದ ಎತ್ತಿ ಕುರ್ಚಿಯ ಮೇಲೆ ಕೂರಿಸಬೇಕು. ಆಗಲಿಲ್ಲ ಅಂದರೆ ಜಾಗ ಬೇರೆಯವರಿಗೆ. ಫೋನ್ ಕೋಣೆ ಅವಳಿಗೆ ಖಾಯಂ.

ಬೀಗರು ಎಂದರೆ ಠಾಣೆಯಲ್ಲಿದ್ದ ಅಭ್ಯಾಸದ ಗೊಂಬೆ. ದಪ್ಪ ಕ್ಯಾನ್ವಾಸ್ ಬಟ್ಟೆಯ ಮೈ, ಒಳಗೆ ಮರಳು, ಆಳೆತ್ತರ. ಆ ಹೆಸರಿಟ್ಟವನು ಗಾಡಿಯ ಡ್ರೈವರ್. "ಬಂದು ಬಿದ್ಕೊಂಡ್ರೆ ಮುಗೀತು. ಇಲ್ಲಿರೋ ಕಡ್ಡಿ ಅಲ್ಲಿ ಎತ್ತಿಡಲ್ಲ. ಆದ್ರೂ ಮರ್ಯಾದೆಯಿಂದ ಎತ್ತಿ ಕೂರಿಸ್ಬೇಕು. ಬೀಗರಲ್ದೆ ಇನ್ನೇನು?" ಎಂದು ಅವನು ಹೊಸಬರಿಗೆಲ್ಲ ಪರಿಚಯ ಮಾಡಿಸುತ್ತಿದ್ದ. ಅವನು ಮಾತಾಡಿದರೂ ಹಾರ್ನ್ ಹೊಡೆದ ಹಾಗಿರುತ್ತಿದ್ದರಿಂದ ಅವನಿಗೂ ಎಲ್ಲರೂ ಹಾರ್ನ್ ಎಂದೇ ಹೆಸರಿಟ್ಟಿದ್ದರು.

ಅವತ್ತು ಸಂಜೆಯೇ ಅವಳು ಹಳೆಯ ಟ್ರಂಕಿನ ತಳದಿಂದ ಓಟದ ಬೂಟು ಹುಡುಕಿ ತೆಗೆದಳು. ಮೂಲೆ ಅಂಗಡಿಯ ನೆಲಮಾಳಿಗೆಯಲ್ಲಿದ್ದ ಜಿಮ್ಮಿಗೆ ಹೋದಳು. ಕಾಲೇಜಿನಲ್ಲಿ ಅವಳು ಭಾರ ಎತ್ತುತ್ತಿದ್ದವಳು. ಕಬ್ಬಿಣದ ಸರಳಿನ ತಣ್ಣನೆಯ ಒರಟುತನ ಕೈಗೆ ತಾಗಿದ ಕೂಡಲೇ ಹಳೆಯ ನೆಂಟರು ಸಿಕ್ಕ ಹಾಗಾಯಿತು. ನೆಂಟರು ಮಾತ್ರ ಗುರುತು ಹಿಡಿಯಲಿಲ್ಲ. ಬರೀ ಸರಳನ್ನು ಎತ್ತುವುದರಲ್ಲೇ ತೊಡೆ ನಡುಗಿತು.

"ಕಾಲೇಜಲ್ಲಿ ಇದರ ಮೂರರಷ್ಟು ಎತ್ತುತ್ತಿದ್ದೆ ಕಣಮ್ಮ" ಎಂದಳು, ಕಲಿಸುವ ಹುಡುಗಿಗೆ.

"ಕಾಲೇಜು ಮುಗಿದು ಎಷ್ಟು ದಿನ ಆಯ್ತು ಆಂಟಿ?"

"ನಿಮ್ಮಮ್ಮನ್ನ ಕೇಳು."

ಹುಡುಗಿ ನಕ್ಕಳು. ಆದರೆ ಪಾಠದಲ್ಲಿ ರಿಯಾಯಿತಿ ಕೊಡಲಿಲ್ಲ. ನೆಲ ನೋಡಬೇಡಿ, ನೇರ ಮುಂದೆ ನೋಡಿ. ಬೆನ್ನಿನಿಂದ ಎಳೀಬೇಡಿ, ಹಿಮ್ಮಡಿಯಿಂದ ನೆಲವನ್ನ ತಳ್ಳಿ. ಅವಳು ತಳ್ಳಿದಳು. ಮನೆಗೆ ಬಂದ ಮೇಲೂ ಸುಮ್ಮನಿರಲಿಲ್ಲ. ನೀರಿನ ಕ್ಯಾನು, ಅಕ್ಕಿ ಡಬ್ಬ, ಮಂಚದ ಒಂದು ಕಾಲು, ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ನೋಡುತ್ತಿದ್ದಳು. ಪಕ್ಕದ ಮನೆಯ ಮಗು ಅವಳನ್ನು ಕಂಡರೆ ಅಮ್ಮನ ಹಿಂದೆ ಬಚ್ಚಿಟ್ಟುಕೊಳ್ಳತೊಡಗಿತು.

ಕಬ್ಬಿಣ ಎತ್ತುವುದೇ ಬೇರೆ, ಆಳನ್ನು ಎತ್ತುವುದೇ ಬೇರೆ. ಆಳಿಗೆ ಹಿಡಿ ಇರುವುದಿಲ್ಲ. ಅದಕ್ಕೇ ಅವಳು ಗಂಡನನ್ನು ಹಿಡಿದಳು.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಕತ್ತರಿ, ಸೀಮೆಸುಣ್ಣ, ಬಟ್ಟೆ ಚೂರುಗಳ ನಡುವೆ ಚಾಪೆ ಹಾಸಿ ಅವನು ಅಂಗಾತ ಮಲಗುತ್ತಿದ್ದ.

"ಇವತ್ತು ನನಗೇನಾಗಿದೆ?"

"ಮೂರ್ಛೆ."

"ನಿನ್ನೆನೂ ಮೂರ್ಛೆನೇ. ಬೇರೆ ಏನಾದ್ರೂ ಕೊಡೇ, ಬೇಜಾರು."

"ಮೂರ್ಛೆ ಹೋದೋರು ಬಾಯಿ ಮುಚ್ಕೊಂಡಿರ್ತಾರೆ ರೀ."

ಅವನನ್ನು ಎಬ್ಬಿಸಿ ಕೂರಿಸಿ, ಹಿಂದೆ ಕುಕ್ಕರುಗಾಲಲ್ಲಿ ಕೂತು, ಕಂಕುಳಡಿ ಕೈ ತೂರಿಸಿ ಅವನ ಮಣಿಕಟ್ಟನ್ನು ಎದೆಗೆ ಅಡ್ಡವಾಗಿ ಹಿಡಿಯುವುದು. ಒಂದು, ಎರಡು, ಮೂರು. ಮೊದಮೊದಲು ಅಲುಗಾಡದ ದರ್ಜಿ ಎರಡನೇ ವಾರ ಮೇಲೆದ್ದ. ಮೂರನೇ ವಾರ ಹೂವಿನ ಹಾಗೆ ಎದ್ದು ಕುರ್ಚಿಯಲ್ಲಿ ಕೂತ. ಅವಳು ಕೋಣೆಯ ಉದ್ದಕ್ಕೂ ಎರಡು ಸುತ್ತು ಹಾಕಿದಳು, ಖುಷಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ನೋಡಿದ್ರಾ?"

"ನೋಡಿದೆ, ನೋಡಿದೆ. ನೀನು ಬೀಗರನ್ನಲ್ಲ, ಅವರ ದಿಬ್ಬಣಾನೇ ಎತ್ತುತ್ತೀಯ."

ಪರೀಕ್ಷೆಯ ದಿನ ಅಂಗಳದಲ್ಲಿ ಹಾರ್ನ್ ಬೀಗರನ್ನು ಹೊತ್ತು ತಂದು ಮಲಗಿಸಿ, ಅವರ ಕಾಲು ಸರಿ ಮಾಡಿ, "ಏನೂ ತಪ್ಪು ತಿಳ್ಕೋಬೇಡಿ, ನಮ್ಮಕ್ಕ ಒಳ್ಳೆಯವರು" ಎಂದ. ಮೇಲ್ವಿಚಾರಕ ಕನ್ನಡಕ ಹಾಕಿಕೊಂಡೇ ಇದ್ದ. ಅದು ಒಳ್ಳೆಯ ಶಕುನ ಎಂದುಕೊಂಡು ಅವಳು ಗೊಂಬೆಯ ಹಿಂದೆ ಕೂತಳು, ಕೈ ತೂರಿಸಿದಳು, ಹಿಡಿದಳು. ಒಂದು. ಎರಡು. ಮೂರು.

ಏನೂ ಆಗಲಿಲ್ಲ. ಇನ್ನೊಮ್ಮೆ ತಳ್ಳಿದಳು. ಬೀಗರು ಒಂದು ಗೇಣು ಎದ್ದು, ಇಷ್ಟು ಸಾಕು ಎಂಬಂತೆ ಮತ್ತೆ ಕೂತರು. ಮೂರನೆಯ ಪ್ರಯತ್ನದಲ್ಲಿ ಅವಳೇ ಹಿಂದಕ್ಕೆ ಬಿದ್ದಳು. ಬೀಗರು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದರು.

ಯಾರೂ ನಗಲಿಲ್ಲ. ಹಾರ್ನ್ ಕೂಡ. ನಕ್ಕಿದ್ದರೆ ವಾಸಿ ಇತ್ತು.

ಬಿದ್ದಲ್ಲೇ ಕೂತು ಅವಳು ಗೊಂಬೆಯ ಕಾಲು ನೋಡಿದಳು. ಎರಡೂ ನೆಲಕ್ಕೆ ಅಂಟಿದ ಹಾಗೆ ಚಾಚಿಕೊಂಡಿದ್ದವು. ಅವಳ ತೋಳಿಗೆ ಒಂದು ವಿಷಯ ತಲೆಗಿಂತ ಮೊದಲೇ ಹೊಳೆಯಿತು. ಮನೆಯಲ್ಲಿ ಮೂರು ಎಂದಾಗ ಭಾರ ಒಮ್ಮೆಗೇ ಹಗುರಾಗುತ್ತಿತ್ತು. ಅದು ತನ್ನ ಶಕ್ತಿ ಎಂದುಕೊಂಡಿದ್ದಳು. ಮನೆ ಗೆದ್ದು ಮಾರು ಗೆಲ್ಲು ಅಂತಾರೆ. ಅವಳಿಗೆ ಮನೆಯ ಗೆಲುವೇ ಸುಳ್ಳಾಗಿತ್ತು.

"ಬರೋ ಸೋಮವಾರ ಇನ್ನೊಂದ್ಸಲ" ಎಂದ ಮೇಲ್ವಿಚಾರಕ, ಕನ್ನಡಕ ತೆಗೆಯುತ್ತ. "ಆಮೇಲೆ ನನ್ನ ಕೈಲಿಲ್ಲ ಅಕ್ಕ."

ಅವಳು ಮನೆಗೆ ನಡೆದು ಹೋಗಲಿಲ್ಲ. ಓಡಿದಳು ಎಂದರೂ ಸರಿಯೇ. ದರ್ಜಿ ಯಂತ್ರದ ಮುಂದೆ ಕೂತು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ. ಬಾಗಿಲಲ್ಲೇ ನಿಂತು ಕೇಳಿದಳು:

"ನೀವು ಒದೀತಿದ್ರಾ?"

"ಯಾರನ್ನ?"

"ನೆಲಾನ. ನಾನು ಮೂರು ಅಂದಾಗ ಹಿಮ್ಮಡಿ ಊರಿ ಒದೀತಿದ್ರಾ ಇಲ್ವಾ?"

ಯಂತ್ರ ನಿಂತಿತು. ಅವನು ಸೂಜಿಯ ಕೆಳಗಿನ ಬಟ್ಟೆಯನ್ನು ಸುಮ್ಮನೆ ನೀವಿದ. "ಸ್ವಲ್ಪ" ಎಂದ. ಆಮೇಲೆ, "ಜಾಸ್ತಿ ಏನಿಲ್ಲ" ಎಂದ. ಆಮೇಲೆ ತಲೆ ಎತ್ತದೆ, "ದಿನಾ ಇಷ್ಟಿಷ್ಟು ಜಾಸ್ತಿ" ಎಂದ.

"ನನ್ನ ಮರ್ಯಾದೆ ಅಂಗಳದಲ್ಲಿ ಹರಾಜಾಯ್ತು ರೀ! ಹೂವಿನ ಹಾಗೆ ಎದ್ರಲ್ಲ, ನಾನೂ ನಂಬಿದ್ನಲ್ಲ! ಯಾಕೆ? ನನ್ನ ಕೈಲಾಗಲ್ಲ ಅಂತಾನಾ?"

"ನಿನ್ನ ನಡು ಮತ್ತೆ ಹೋದ್ರೆ? ನೀನು ಹಿಂದೆ ಕೂತು ಮುಕ್ಕರಿಯೋ ಶಬ್ದ ಕೇಳಿದ್ರೆ ನನ್ನ ಕಾಲು ತಾನಾಗೇ ಊರ್ಕೊಳ್ಳುತ್ತೆ ಕಣೇ. ಆಗ ನೀನು ಮಲಗಿದ್ದಾಗ ನಿನಗೆ ಜಡೆ ಹಾಕಿದೋನು ನಾನು. ನಿನಗೆ ಮರೆತಿರಬಹುದು."

"ಜಡೆ ಹಾಕಿದ್ರಾ? ಹೆಣೆಯೋದು ಬಿಟ್ಟು ಹೊಲಿಗೆ ಹಾಕಿದ್ರಿ. ಬಿಚ್ಚಕ್ಕೆ ಅರ್ಧ ದಿನ ಬೇಕಿತ್ತು."

ಅವನಿಗೆ ನಗು ಬಂತು. ಅವಳಿಗೂ ಬರುವುದರಲ್ಲಿತ್ತು, ಬರಗೊಡಲಿಲ್ಲ. ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬ ಎತ್ತಿ ಇಳಿಸಿದಳು, ಮತ್ತೆ ಎತ್ತಿ ಇಳಿಸಿದಳು.

ಮರುದಿನದಿಂದ ಹೊಸ ಪಾಠ ಶುರುವಾಯಿತು. ಅವನು ಒದೆಯಬಾರದು. ಹೆಣಭಾರ ಅಂತಾರಲ್ಲ, ಹಾಗಿರಬೇಕು. ದರ್ಜಿ ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಕಣ್ಣು ಮುಚ್ಚಿದ, ನಾಲಿಗೆ ಹೊರಗೆ ಹಾಕಿದ. ಅವಳು ಎರಡು ಎನ್ನುವಷ್ಟರಲ್ಲೇ ಅವನ ಹೊಟ್ಟೆ ಗಟ್ಟಿಯಾಗುತ್ತಿತ್ತು, ಕುತ್ತಿಗೆ ಸೆಟೆಯುತ್ತಿತ್ತು. ಕಾಲಿಗೆ ಹಗ್ಗ ಕಟ್ಟಿದರೆ ಭುಜದಿಂದ ಸಹಾಯ ಮಾಡುತ್ತಿದ್ದ.

"ಬಿಡ್ರೀ ಮೈನ!"

"ಬಿಟ್ಟಿದ್ದೀನಿ ಕಣೇ!"

"ಇದಾ ಬಿಡೋದು? ಇಸ್ತ್ರಿ ಮಾಡಿದ ಕಾಲರ್ ಥರ ಇದ್ದೀರ."

"ಸತ್ತೋನ ಹಾಗೆ ಮಲಗು ಅಂದ್ರೆ ಹೇಗೆ? ನನಗೆ ಅನುಭವ ಇಲ್ವಲ್ಲ!"

ಜಿಮ್ಮಿನ ಹುಡುಗಿ ಸರಳಿಗೆ ಇನ್ನೊಂದು ಭಾರದ ತಟ್ಟೆ ಸೇರಿಸಿದಳು. ಅದು ಎದ್ದಿತು. ಆದರೂ ಅವಳಿಗೆ ನಂಬಿಕೆ ಬರಲಿಲ್ಲ. ಒಮ್ಮೆ ಮೋಸ ಹೋದ ತೋಳು ಯಾವ ಭಾರವನ್ನೂ ನಂಬುತ್ತಿರಲಿಲ್ಲ. ಫೋನ್ ಕೋಣೆಯಲ್ಲಿ ಕಾಲು ಇನ್ನೂ ಜೋರಾಗಿ ಆಡಿತು. ಪಕ್ಕದವಳು ಟೀ ಕುಡಿಯುವುದನ್ನೇ ಬಿಟ್ಟಳು.

ಭಾನುವಾರ ಊಟವಾದ ಮೇಲೆ ಅವಳು ಮುಂದಿನ ಕೋಣೆಗೆ ಬಂದಾಗ ದರ್ಜಿ ನೆಲದಲ್ಲಿ ಕೂತು, ಬಟ್ಟೆ ಗಂಟಿಗೆ ಒರಗಿ ನಿದ್ದೆ ಹೋಗಿದ್ದ. ಸಮವಸ್ತ್ರದ ಕೆಲಸ ಅವನನ್ನು ವಾರವಿಡೀ ಅರೆದಿತ್ತು. ಕುತ್ತಿಗೆಯಲ್ಲಿ ಅಳತೆ ಟೇಪು, ಬೆರಳುಗಳ ನಡುವೆ ಸೀಮೆಸುಣ್ಣ. ನಿದ್ದೆಗೆ ಬಿದ್ದರೆ ಅವನ ಕಿವಿಯ ಬಳಿ ಸೈರನ್ ಕೂಗಿದರೂ ಏಳುವವನಲ್ಲ.

ಅವಳು ನಿಂತು ನೋಡಿದಳು. ಆಮೇಲೆ ಸದ್ದಾಗದಂತೆ ಕುರ್ಚಿ ತಂದಿಟ್ಟಳು. ಗಂಟನ್ನು ಮೆಲ್ಲಗೆ ಸರಿಸಿ ಅವನ ಬೆನ್ನಿಗೆ ತನ್ನ ಎದೆ ಕೊಟ್ಟಳು. ಕಂಕುಳಡಿ ಕೈ. ಮಣಿಕಟ್ಟು. ಬಾಯಲ್ಲಿ ಎಣಿಸಲಿಲ್ಲ, ಎಣಿಸಿದರೆ ನಿದ್ದೆಯಲ್ಲೂ ಒದ್ದಾನು.

ತಳ್ಳಿದಳು. ಅವನ ತಲೆ ಹಿಂದಕ್ಕೆ ವಾಲಿ ಅವಳ ಗಲ್ಲಕ್ಕೆ ಬಡಿಯಿತು. ಸೀಮೆಸುಣ್ಣ ಜಾರಿ ಬಿತ್ತು. ಅಬ್ಬಾ, ಏನು ಭಾರ! ಇಷ್ಟು ವರ್ಷ ಸಂಸಾರ ಮಾಡಿ ಈ ಮನುಷ್ಯನ ನಿಜವಾದ ತೂಕ ಅವಳಿಗೆ ಗೊತ್ತೇ ಇರಲಿಲ್ಲ. ಎಲ್ಲೂ ಬಿಗಿಯಿಲ್ಲ, ಎಲ್ಲೂ ನೆರವಿಲ್ಲ. ನೀರು ತುಂಬಿದ ಹಾಸಿಗೆಯ ಹಾಗೆ ಎಲ್ಲ ಕಡೆಯಿಂದಲೂ ಜಾರುತ್ತಿದ್ದ. ಆದರೂ ಎದ್ದ. ಸೊಂಟದ ಮಟ್ಟಕ್ಕೆ ಬಂದ. ಅವಳು ಅವನನ್ನು ತಿರುಗಿಸಿ ಕುರ್ಚಿಗೆ ಇಳಿಸಬೇಕು ಎನ್ನುವಾಗ ಕುರ್ಚಿ ನುಣುಪು ನೆಲದ ಮೇಲೆ ಸರ್ರನೆ ಹಿಂದಕ್ಕೆ ಜಾರಿತು.

ಅಲ್ಲೇ ನಿಂತಳು. ಮಂಡಿ ಬಾಗಿಸಿ, ಗಂಡನನ್ನು ತೊಡೆಯ ಮೇಲೆ ಹೊತ್ತು, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಅವನು ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಕೈ ಬಿಟ್ಟರೆ ತಲೆ ನೆಲಕ್ಕೆ. ಸೈರನ್‌ಗೆ ಏಳದವನು ಅವಳು ಕೂಗಿದರೆ ಎದ್ದು ಸೆಟೆದುಕೊಂಡಾನು, ಆಗ ಭಾರ ಹಗುರಾದೀತು. ಕೂಗಲಿಲ್ಲ. ಇಷ್ಟಿಷ್ಟೇ ಇಳಿಯುತ್ತ, ಹಲ್ಲು ಕಚ್ಚಿ, ಅವನನ್ನು ಮೊದಲಿದ್ದ ಹಾಗೇ ನೆಲದ ಮೇಲೆ ಕೂರಿಸಿ ಗಂಟನ್ನು ಬೆನ್ನಿಗೆ ಕೊಟ್ಟಳು. ನಡು ಮುಟ್ಟಿ ನೋಡಿಕೊಂಡಳು. ನಡು ಮಾತಾಡಲಿಲ್ಲ.

ಅವನು ಅರೆಗಣ್ಣು ತೆರೆದ. "ಏನೇ?"

"ಏನಿಲ್ಲ. ಮಲಗಿ."

ಸೋಮವಾರ ಅಂಗಳಕ್ಕೆ ಬಂದಾಗ ಅವಳ ಕಣ್ಣಿಗೆ ಮೊದಲು ಬಿದ್ದವನು ಗಂಡನೇ. ಗೇಟಿನ ಪಕ್ಕದ ಗೋಡೆಗೆ ಒರಗಿ ನಿಂತಿದ್ದ, ಕೈಯಲ್ಲಿ ಒಂದು ಪೊಟ್ಟಣ.

"ಬರಬೇಡಿ ಅಂದಿದ್ನಲ್ಲ!"

"ನಿನಗೋಸ್ಕರ ಯಾರು ಬಂದ್ರು? ಸಾಹೇಬ್ರ ಪ್ಯಾಂಟು ಕೊಡಕ್ಕೆ ಬಂದೆ."

"ನಾನು ಪ್ಯಾಂಟು ಹೊಲಿಯೋಕೆ ಕೊಟ್ಟಿದ್ನಾ?" ಎಂದ ಮೇಲ್ವಿಚಾರಕ, ಗಾಬರಿಯಿಂದ.

"ಕೊಡ್ತೀರಲ್ಲ, ಅಳತೆ ತಗೋಳೋಣ ಅಂತ" ಎಂದ ದರ್ಜಿ.

ಅವಳು ಆ ಕಡೆ ಕಿವಿ ಕೊಡಲಿಲ್ಲ. ಮೊದಲು ಕುರ್ಚಿಯನ್ನು ಎಳೆದು ಅದರ ಬೆನ್ನನ್ನು ಗೋಡೆಗೆ ತಾಗಿಸಿದಳು, ಅಲ್ಲಾಡಿಸಿ ನೋಡಿದಳು. ಬೀಗರನ್ನು ಅದರ ಮಗ್ಗುಲಿಗೇ ಎಳೆದುಕೊಂಡಳು. ಹಿಂದೆ ಕೂತು ಹಿಡಿದಳು. ನೆಲ ನೋಡಬಾರದು, ನೇರ ಮುಂದೆ. ನೇರ ಮುಂದೆ ಇದ್ದದ್ದು ಗೇಟು, ಗೇಟಿನ ಪಕ್ಕ ಗಂಡ.

ಒಂದು ಎಂದಳು. ಅವನು ಗೋಡೆ ಬಿಟ್ಟು ನೆಟ್ಟಗೆ ನಿಂತ.

ಎರಡು. ಪೊಟ್ಟಣವನ್ನು ಎದೆಗೆ ಅಡ್ಡವಾಗಿ ಹಿಡಿದುಕೊಂಡ.

ಮೂರು ಎಂದಾಗ, ಅಷ್ಟು ದೂರದಲ್ಲಿ, ಚಪ್ಪಲಿಯೊಳಗಿನ ಅವನ ಎರಡೂ ಹಿಮ್ಮಡಿಗಳು ಮಣ್ಣಿಗೆ ಊರಿಕೊಂಡವು. ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ಅವಳ ತೋಳಿನೊಳಗಿನ ಭಾರ ಒಂದು ಚೂರೂ ಕಡಿಮೆಯಾಗಲಿಲ್ಲ. ಮರಳು ಮರಳಾಗಿಯೇ ಇತ್ತು. ನಿನ್ನೆ ಮಧ್ಯಾಹ್ನದ ಭಾರವೇ ಇದು, ಗೊರಕೆಯೊಂದಿಲ್ಲ ಅಷ್ಟೇ. ಅವಳು ನೆಲವನ್ನು ತಳ್ಳಿದಳು, ಇನ್ನೂ ತಳ್ಳಿದಳು, ಗಂಟಲಿಂದ ತನ್ನದೇ ಎಂದು ಗುರುತು ಸಿಗದ ಒಂದು ಸದ್ದು ಹೊರಟಿತು. ಬೀಗರು ಎದ್ದರು. ಒಂದು ಹೆಜ್ಜೆ, ಅರ್ಧ ತಿರುವು. ಭಾರ ಬಿದ್ದ ಕುರ್ಚಿ ಗೋಡೆಗೆ ಟಕ್ಕೆಂದು ಒತ್ತಿಕೊಂಡು ಅಲ್ಲೇ ನಿಂತಿತು.

ಮೇಲ್ವಿಚಾರಕನ ಕನ್ನಡಕ ಮೂಗಿನ ಮೇಲೇ ಇತ್ತು. ಅವಳು ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತ ಗಾಡಿಯ ಕಡೆ ನೋಡಿದಳು. ಇನ್ನು ಕೂರುವುದಿರಲಿ, ಒಂದೆಡೆ ನಿಲ್ಲುವುದೂ ಆಗುತ್ತಿರಲಿಲ್ಲ; ಕಾಲು ಆಗಲೇ ಗಾಡಿಯತ್ತ ಹೊರಟಿತ್ತು.

ಹಾರ್ನ್ ಗೇಟಿನ ಕಡೆ ತಿರುಗಿ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ:

"ಭಾವ, ಇನ್ನು ಕಾಲು ಸಡಿಲ ಬಿಡಿ! ಬೀಗರು ಕೂತಾಯ್ತು!"