ಒಂದೊಂದೇ ಮಾರು

"ಅಕ್ಕಾ, ಎಲ್ಲಿದೀಯ?" ಎಂದು ತಮ್ಮ ಫೋನಿನಲ್ಲಿ ಕೇಳಿದ ಧಾಟಿಯಲ್ಲೇ ಏನೋ ಎಡವಟ್ಟಾಗಿದೆ ಎಂದು ಅಕ್ಕನಿಗೆ ತಿಳಿಯಿತು. ಅಣೆಕಟ್ಟಿನ ಬಾಗಿಲು ಎತ್ತಿ ಇಳಿಸುವ ಕೆಲಸದವನು ಮಟಮಟ ಮಧ್ಯಾಹ್ನ ಕುಶಲ ಕೇಳಲು ಫೋನ್ ಮಾಡುವುದಿಲ್ಲ.

"ಎಲ್ಲಿರ್ತೀನಿ? ದಿಬ್ಬದ ಮೇಲೆ. ಏನಾಯ್ತು ಹೇಳು."

"ಮೂರಕ್ಕೆ ಒಂದು ಬಾಗಿಲು ಎತ್ತಬೇಕಂತೆ. ನಾಲ್ಕಕ್ಕೆ ಇನ್ನೊಂದು. ಪೇಟೇಲಿ ಎಲ್ಲರ ಮನೇಲೂ ಫ್ಯಾನು, ಏಸಿ ಒಟ್ಟಿಗೇ ಓಡ್ತಾ ಇವೆ, ಕರೆಂಟು ಸಾಲ್ತಿಲ್ಲ. ಕೆಳಗಿನ ಪವರ್‌ಹೌಸಿಗೆ ನೀರು ಬಿಡ್ಬೇಕಂತೆ."

"ಎರಡು ದಿನ ಮುಂಚೆ ಹೇಳ್ತೀವಿ ಅಂದಿದ್ರಲ್ಲ ನಿಮ್ಮ ಸಾಹೇಬ್ರು!"

"ಬಿಸಿಲು ಸಾಹೇಬ್ರಿಗೆ ಹೇಳಿ ಬಂತಾ? ನಲವತ್ತಾರು ಡಿಗ್ರಿ ಅಕ್ಕಾ. ಇನ್ನೂ ಬೇಸಿಗೆ ಶುರುವಾಗೋ ತಿಂಗಳಿದು." ಅವನು ದನಿ ತಗ್ಗಿಸಿದ. "ನಾಲ್ಕರೊಳಗೆ ದಡ ಸೇರಿ ಫೋನ್ ಮಾಡು. ನಿನ್ನ ಫೋನ್ ಬರದೆ ನಾನು ಎರಡನೇ ಬಾಗಿಲು ಮುಟ್ಟಲ್ಲ. ಆದ್ರೆ ಸತಾಯಿಸ್ಬೇಡ, ಇಲ್ಲಿ ನನ್ನ ತಲೆ ಮೇಲೇ ನಿಂತಿದಾರೆ."

ಆಗ ಗಂಟೆ ಒಂದೂವರೆ. ನದಿಯ ನಡುವಿನ ಆ ಮರಳುದಿಬ್ಬದಲ್ಲಿ ಹದಿಮೂರು ಗೂಡುಗಳಿದ್ದವು. ಗೂಡೆಂದರೆ ಕಡ್ಡಿ, ನಾರು ಏನೂ ಇಲ್ಲ. ಬರೀ ಮರಳಿನಲ್ಲಿ ಅಂಗೈಯಷ್ಟು ಗುಳಿ, ಅದರಲ್ಲಿ ಎರಡೋ ಮೂರೋ ಮೊಟ್ಟೆ. ರೀವ ಎಂಬ ಕರಿನೆತ್ತಿಯ ನದಿಹಕ್ಕಿಗಳವು. ಒಂದು ಕಾಲಕ್ಕೆ ನದಿಯುದ್ದಕ್ಕೂ ಗಲಾಟೆ ಎಬ್ಬಿಸುತ್ತಿದ್ದವು, ಈಗ ಇಡೀ ನದಿಗೆ ಉಳಿದಿದ್ದು ಈ ಹದಿಮೂರು ಸಂಸಾರ. ಅವನ್ನು ಕಾಯಲು ಹಕ್ಕಿ ಸಂಘದವರು ಅಕ್ಕನನ್ನು ನೇಮಿಸಿದ್ದರು. ಒಂಬತ್ತು ಗೂಡುಗಳು ದಿಬ್ಬದ ನೆತ್ತಿಯಲ್ಲಿದ್ದವು. ಎರಡೂ ಬಾಗಿಲು ತೆರೆದರೂ ನೆತ್ತಿ ಮುಳುಗುವುದಿಲ್ಲ. ಉಳಿದ ನಾಲ್ಕು ಇಳಿಜಾರಿನಲ್ಲಿ, ನೀರಿನ ಬಾಯಿಗೇ ಇದ್ದವು.

ದಿಬ್ಬ ಹಿಂದೆ ಹೀಗಿರಲಿಲ್ಲ, ಎರಡಾಳು ಎತ್ತರವಿತ್ತು. ಅದನ್ನು ತಗ್ಗಿಸಿದವರಲ್ಲಿ ಅಕ್ಕನೂ ಒಬ್ಬಳು. ಅಪ್ಪ ಅಮ್ಮ ಹೋದ ಮೇಲೆ ಹನ್ನೊಂದು ವರ್ಷ ಇಲ್ಲಿಂದಲೇ ಮರಳು ಹೊತ್ತು, ಹೊಟ್ಟೆ ಬಟ್ಟೆ ಕಟ್ಟಿ ತಮ್ಮನನ್ನು ಓದಿಸಿದ್ದಳು. ಪೇಟೆಯ ಅರ್ಧ ಮನೆಗಳಲ್ಲಿ ತನ್ನ ಬುಟ್ಟಿಯ ಮರಳಿದೆ ಎಂದು ಆಗೆಲ್ಲ ಜಂಬ ಪಡುತ್ತಿದ್ದಳು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತಿತ್ತು.

ಅವೇ ಹಳೆಯ ಬುಟ್ಟಿಗಳಲ್ಲಿ ಮರಳು ತುಂಬಿ, ಈ ನಾಲ್ಕೂ ಗೂಡುಗಳ ಅಡಿಗೆ ಅವಳು ಮೊದಲೇ ಹೂತಿಟ್ಟಿದ್ದಳು. ಬುಟ್ಟಿ ಎತ್ತಿದರೆ ಗೂಡೂ ಬರುತ್ತಿತ್ತು. ಎತ್ತುವುದು ಕಷ್ಟವಲ್ಲ, ಇಡುವುದೇ ಕಷ್ಟ. ಒಂದು ಸಲಕ್ಕೆ ಒಂದೇ ಮಾರು, ಚಾಚಿದ ಎರಡು ತೋಳಿನಷ್ಟು ದೂರ. ಅದಕ್ಕಿಂತ ದೂರ ಇಟ್ಟರೆ ತಾಯಿಗೆ ಗುರುತು ಹತ್ತುವುದಿಲ್ಲ. ಗೂಡು ಬಿಟ್ಟು ಹೋದರೆ ಹೋದಂತೆಯೇ. ಒಂದು ಮಾರು ಸರಿಸಬೇಕು, ದೂರ ಹೋಗಬೇಕು, ಹಕ್ಕಿ ಬಂದು ಕೂತು ನೆಲೆಯಾದ ಮೇಲೆ ಮತ್ತೊಂದು ಮಾರು. ಇನ್ನು ಬಿಸಿಲೋ, ಕೇಳಲೇಬೇಡಿ. ಈ ಬಿಸಿಲಿಗೆ ತಾಯಂದಿರು ಘಳಿಗೆಗೊಮ್ಮೆ ನದಿಗೆ ಹಾರಿ, ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆ ತಣಿಸುತ್ತಿದ್ದವು. ತಾಯಿ ಹತ್ತು ನಿಮಿಷ ತಡ ಮಾಡಿದರೆ ಮೊಟ್ಟೆ ಬೆಂದೇ ಹೋಗುತ್ತದೆ.

ಪ್ರತಿ ಗೂಡಿಗೂ ನಾಲ್ಕು ಮಾರಿನ ದಾರಿ. ಒಂದನ್ನು ಸರಿಸಿ, ಅದರ ತಾಯಿ ಬರುವುದರೊಳಗೆ ಇನ್ನೊಂದರ ಕಡೆಗೆ ಬಗ್ಗಿಕೊಂಡೇ ಓಡುತ್ತಿದ್ದಳು. ಹಕ್ಕಿಗಳು ತಲೆಯ ಮೇಲೆ ಕಿರುಚುತ್ತ ಎರಗಿದವು, ಒಂದು ನೆತ್ತಿಗೆ ಕುಕ್ಕಿತು, ಇನ್ನೊಂದು ಸೆರಗಿನ ಮೇಲೆ ಹಿಕ್ಕೆ ಹಾಕಿತು. "ಬೈಯ್ರಮ್ಮ, ಬೈಯ್ರಿ. ಉಪಕಾರ ಮಾಡಿದವರಿಗೆ ಇದೇ ಮರ್ಯಾದೆ" ಎಂದು ಗೊಣಗುತ್ತಲೇ ಬುಟ್ಟಿ ಎತ್ತುತ್ತಿದ್ದಳು.

ಮೂರಕ್ಕೆ ಸೈರನ್ ಮೂರು ಸಲ ಕೂಗಿತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಗಂಟು ಮೂಟೆ ಕಟ್ಟಿ ಹೊರಟರು. ಹಕ್ಕಿಗಳಿಗೆ ಸೈರನ್ ಏನು ಗೊತ್ತು? ಸ್ವಲ್ಪ ಹೊತ್ತಿಗೆ ನದಿಯ ಬಣ್ಣ ಕದಡಿತು, ನೀರು ಇಳಿಜಾರನ್ನು ಸದ್ದಿಲ್ಲದೆ ಹತ್ತತೊಡಗಿತು.

ಮೂರೂವರೆಗೆ ಮೂರು ಗೂಡುಗಳು ನೆತ್ತಿ ಮುಟ್ಟಿ, ತಾಯಂದಿರು ಕೂತಿದ್ದವು. ನಾಲ್ಕನೆಯದೇ ತಕರಾರು. ಅದರ ಒಡತಿಗೆ ಅತ್ತೆಮ್ಮ ಎಂದು ಅಕ್ಕ ಹೆಸರಿಟ್ಟಿದ್ದಳು. ಏನು ಮಾಡಿದರೂ ಸರಿಯಿಲ್ಲ ಎನ್ನುವ ಗುಣ ಅದರದು. ಮೂರು ಮಾರು ಹೇಗೋ ಒಪ್ಪಿತ್ತು. ನಾಲ್ಕನೆಯ ಮಾರಿಗೆ ಬುಟ್ಟಿ ನೆತ್ತಿಯ ಅಂಚಿಗೆ ಬಂತು, ಅತ್ತೆಮ್ಮ ಮಾತ್ರ ಬರಲಿಲ್ಲ. ಹಾರಿ ಬಂದು ಹಳೆಯ ಜಾಗದಲ್ಲೇ ಇಳಿಯಿತು. ಅಲ್ಲಿ ಆಗಲೇ ಗೇಣುದ್ದ ನೀರು. ಗಾಬರಿಬಿದ್ದು ಮೇಲೆದ್ದು ಸುತ್ತು ಹಾಕಿತು.

ಅಕ್ಕ ಮಂಡಿಯೂರಿ ಎರಡು ಮೊಟ್ಟೆಗಳ ಮೇಲೆ ತನ್ನ ನೆರಳು ಹಾಸಿದಳು. ನೆರಳು ತೆಗೆದರೆ ಮೊಟ್ಟೆ ಬೇಯುತ್ತದೆ. ತೆಗೆಯದಿದ್ದರೆ ಹಕ್ಕಿ ಹತ್ತಿರ ಬರುವುದಿಲ್ಲ. ಅತ್ತ ದರಿ ಇತ್ತ ಪುಲಿ. ನೆತ್ತಿಯ ಕಡೆ ಸರಿಯೋಣವೆಂದರೆ ಅಲ್ಲಿ ಕೂತ ಹನ್ನೆರಡೂ ತಾಯಂದಿರು ಎದ್ದುಬಿಡುತ್ತವೆ. ಸರಿಯಲು ಉಳಿದಿದ್ದ ಜಾಗ ನದಿಯೊಂದೇ.

ಬೊಗಸೆಯಲ್ಲಿ ನೀರು ತಂದು ಮೊಟ್ಟೆಗಳ ಸುತ್ತಲಿನ ಮರಳಿಗೆ ಚಿಮುಕಿಸಿದಳು. ಹತ್ತು ಹದಿನೈದು ನಿಮಿಷ ತಡೆದೀತು. ಫೋನನ್ನು ಕೈಯಲ್ಲಿ ಎತ್ತಿ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆದು ನೀರಿಗಿಳಿದಳು. ತಲೆ, ಕೈ ಮಾತ್ರ ಮೇಲಿರುವಂತೆ ಕುಕ್ಕರಗಾಲಿನಲ್ಲಿ ಕೂತಳು. "ಬಾರೇ ತಾಯಿ, ನಿನ್ನ ದಮ್ಮಯ್ಯ" ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಅತ್ತೆಮ್ಮ ನೀರಿಗೆ ಹೊಟ್ಟೆ ತಾಗಿಸಿ ಹಾರಿತು. ಬುಟ್ಟಿಯಿಂದ ಹತ್ತು ಹೆಜ್ಜೆ ಆಚೆ ಇಳಿದು ಕತ್ತು ಓರೆ ಮಾಡಿತು. ಆಗಲೇ ತಮ್ಮನ ಕರೆ ಬಂದು ಫೋನು ಬಡಿದುಕೊಳ್ಳಬೇಕೇ! ಹಕ್ಕಿ ರೆಕ್ಕೆ ಬಿಚ್ಚಿತು. ಅಕ್ಕ ಹಿಂದುಮುಂದು ನೋಡದೆ ಫೋನನ್ನು ನೀರಿನೊಳಗೆ ಅದುಮಿದಳು. ಅದು ಅಂಗೈಯಲ್ಲಿ ಒಂದಷ್ಟು ಹೊತ್ತು ನಡುಗಿ ಸುಮ್ಮನಾಯಿತು.

ಅತ್ತೆಮ್ಮ ಹಾರಲಿಲ್ಲ. ರೆಕ್ಕೆ ಮಡಚಿ ಅಲ್ಲೇ ನಿಂತಿತು.

ನಿಮಿಷಗಳು ಕಳೆದವು. ತನ್ನ ಕೈಯಾರೆ ಏನು ಮಾಡಿದೆ ಎಂಬುದು ಅಕ್ಕನಿಗೆ ಹೊಳೆದಿದ್ದು ದೂರದ ಅಣೆಕಟ್ಟಿನತ್ತ ಕಣ್ಣು ಹಾಯಿಸಿದಾಗ. ಬೆಳ್ಳಗೆ ಸುರಿಯುತ್ತಿದ್ದ ನೀರು ನಿಂತಿತ್ತು. ಎರಡನೆಯ ಬಾಗಿಲಿರಲಿ, ತೆರೆದಿದ್ದ ಮೊದಲನೆಯದನ್ನೂ ಅವನು ಇಳಿಸಿದ್ದ. ಪಕ್ಕದಲ್ಲಿ ಸಾಹೇಬರು ನಿಂತಿದ್ದರೂ, ಎತ್ತುವ ಆರ್ಡರ್ ಇದ್ದರೂ ಇಳಿಸಿದ್ದ. ಫೋನು ಸತ್ತದ್ದು ನೋಡಿ ಅಕ್ಕ ಕೊಚ್ಚಿಹೋದಳು ಎಂದುಕೊಂಡವನಿಗೆ ಕೆಲಸದ ಚಿಂತೆ ಎಲ್ಲಿಂದ ಬರಬೇಕು! ಅಯ್ಯೋ ದೇವರೇ ಎಂದುಕೊಂಡಳು. ಅವನ ಹನ್ನೆರಡು ವರ್ಷದ ನೌಕರಿ.

ದಡದ ಏರಿಯ ಮೇಲೆ ಬೈಕಿನ ಸದ್ದು ಬಂತು, ಬೈಕು ಧೊಪ್ಪನೆ ಬಿದ್ದ ಸದ್ದೂ ಬಂತು.

"ಅಕ್ಕಾ!"

ಅತ್ತೆಮ್ಮ ಕತ್ತು ಎತ್ತರಿಸಿ ದಡದ ಕಡೆ ನೋಡಿತು. ಆ ದನಿ ದೂರದ್ದು. ಹಾಗಾಗಿ ಬುಟ್ಟಿಯ ಕಡೆ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು.

"ಅಕ್ಕಾ! ಅಕ್ಕಾ, ಮಾತಾಡೇ!"

ಒಂದು ಕೈ ಎತ್ತಿದರೆ ಸಾಕಿತ್ತು. ಎತ್ತಿದರೆ ಅತ್ತೆಮ್ಮ ಹಾರಿಬಿಡುತ್ತಿತ್ತು. ಆಚೆ ಅವನು ಕಲ್ಲು ಮುಳ್ಳು ನೋಡದೆ ನೀರಂಚಿನಲ್ಲಿ ಓಡುತ್ತಿದ್ದ. ಅವನ ಕೂಗಿನಲ್ಲಿ ಈಗ ಅಳು ಸೇರಿತ್ತು. ಎಂಟು ವರ್ಷದವನಿದ್ದಾಗ ಅಮ್ಮನನ್ನು ಹೊತ್ತೊಯ್ದ ದಿನ ಅತ್ತಿದ್ದನಲ್ಲ, ಹಾಗೆಯೇ ಅಳುತ್ತಿದ್ದ.

ಅವಳು ಮೂಗಿನವರೆಗೂ ನೀರಿಗಿಳಿದಳು.

ಅತ್ತೆಮ್ಮ ಬುಟ್ಟಿಯ ಅಂಚು ಹತ್ತಿತು. ಒದ್ದೆ ಹೊಟ್ಟೆಯನ್ನು ಮೆಲ್ಲಗೆ ಕೆಳಗಿಳಿಸಿ, ಒಂದು ಮೊಟ್ಟೆಯನ್ನು ಕೊಕ್ಕಿನಿಂದ ಒಳಕ್ಕೆ ಎಳೆದುಕೊಂಡಿತು. ಇನ್ನೊಂದು ಬಿಸಿಲಿನಲ್ಲೇ ಇತ್ತು. ಅದೂ ಹೊಟ್ಟೆಯಡಿ ಸೇರುವವರೆಗೆ ಅಕ್ಕ ಓಗೊಡುವಂತಿರಲಿಲ್ಲ.