ಗುಂಡಿಯಕ್ಕ ತಿಂದ ಬೇರು

ಮೂರನೆಯ ಡಬ್ಬಿಯ ಮುಚ್ಚಳ ತಿರುಗಲಿಲ್ಲ. ಕಿಡಿ ಅದನ್ನು ಹಲ್ಲಿನಿಂದ ಕಚ್ಚಿ ತೆಗೆದು, ಒಳಗಿದ್ದ ಕಂದು ಮಾತ್ರೆಗಳನ್ನೆಲ್ಲ ಬಚ್ಚಲಿಗೆ ಸುರಿದು, ಮೇಲೊಂದು ಬಕೆಟ್ ನೀರು ಹುಯ್ದಳು. ಮಾತ್ರೆಗಳು ಹೋಗಲಿಲ್ಲ. ಜಾಲರಿಯ ಮೇಲೆ ಗುಂಪುಗಟ್ಟಿ ಕುಳಿತವು. ಅವಳು ಹಿಮ್ಮಡಿಯಿಂದ ತುಳಿಯತೊಡಗಿದಳು.

"ಚಿಕ್ಕಮ್ಮ, ಏನ್ ಮಾಡ್ತಿದ್ದೀರಾ? ಬಚ್ಚಲು ಕಟ್ಕೊಳ್ಳುತ್ತೆ." ಅಕ್ಕನ ಮಗಳು ಬಾಗಿಲಲ್ಲಿ ನಿಂತಿದ್ದಳು.

"ಕಟ್ಕೊಳ್ಳಲಿ. ನಿಮ್ಮಪ್ಪ ಪ್ಲಂಬರ್ ತಾನೇ? ಊರಿನವರ ಪೈಪೆಲ್ಲ ಬಿಡಿಸ್ತಾರೆ. ಹೆಂಡತಿಗೆ ಏನಾಗಿದೆ ಅಂತ ನೋಡೋಕೆ ಮಾತ್ರ ಬಿಡುವಿರಲಿಲ್ಲ."

"ಮೆಲ್ಲಗೆ. ಹೊರಗೆ ಕೇಳುತ್ತೆ."

"ಕೇಳಲಿ ಅಂತಾನೇ ಹೇಳ್ತಿರೋದು."

ಹೊರಗೆ ನಡುಮನೆಯಲ್ಲಿ ಅಕ್ಕ ಮಲಗಿದ್ದಳು. ನಿನ್ನೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವಳಿಗೆ ನಲವತ್ತೊಂಬತ್ತು. ಇಪ್ಪತ್ತೆರಡು ವರ್ಷ ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹಚ್ಚಿದವಳು. ಹಾಗಾಗಿ ಕೇರಿಗೂ ಕಾರ್ಖಾನೆಗೂ ಗುಂಡಿಯಕ್ಕ. ತಂಗಿಗೆ ಕಿಡಿ ಅಂತ ಹೆಸರಿಟ್ಟವಳೂ ಅವಳೇ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದ್ದೀಯ ಕಣೇ, ಎನ್ನುತ್ತಿದ್ದಳು. ಕಿಡಿ ಶಾಲೆಯ ವ್ಯಾನ್ ಓಡಿಸುತ್ತಿದ್ದಳು. ಅವಳ ವ್ಯಾನಿನಲ್ಲಿ ಮಕ್ಕಳು ಗಲಾಟೆ ಮಾಡುತ್ತಿರಲಿಲ್ಲ, ತಂದೆತಾಯಿಯರೂ ತಡಮಾಡುತ್ತಿರಲಿಲ್ಲ.

ಕೊನೆಯ ಡಬ್ಬಿಗೆ ಕೈಹಾಕುವಷ್ಟರಲ್ಲಿ ಹುಡುಗಿ ಅದನ್ನು ಕಿತ್ತುಕೊಂಡಳು. "ಇದೊಂದಿರಲಿ. ಪರೀಕ್ಷೆ ಮಾಡೋಕೆ ಆಸ್ಪತ್ರೆಯ ಡಾಕ್ಟರು ಕೇಳಿದ್ದಾರೆ."

ಡಬ್ಬಿಯ ಮೇಲೆ ಒಂದು ಬೇರಿನ ಚಿತ್ರ. ಅದರ ಕೆಳಗೆ, ಹಾರ್ಮೋನುಗಳ ಸಮತೋಲನಕ್ಕೆ, ದಿನವಿಡೀ ಚೈತನ್ಯಕ್ಕೆ. ಪಕ್ಕದಲ್ಲಿ ಬಾಯ್ತುಂಬ ನಗುವ ಹೆಂಗಸು.

"ಈ ಹಲ್ಲುಕಿರಿಯೋಳು ಇದನ್ನ ಒಂದಿನವಾದರೂ ತಿಂದಿದ್ದಾಳಾ?" ಎಂದಳು ಕಿಡಿ. ಆಮೇಲೆ ಕೇಳಿದಳು: "ಅವಳು ಬಂದಳಾ?"

"ಯಾರು?"

"ಇನ್ಯಾರು, ಕಾಜಾದವಳು."

"ಇಲ್ಲ. ಕಾರ್ಖಾನೆಯವರೆಲ್ಲ ಹತ್ತು ಗಂಟೆಗೆ ಒಟ್ಟಿಗೆ ಬರ್ತಾರಂತೆ."

"ಬರಲಿ. ಹೆಣದ ಮುಂದೇನೇ ಅವಳ ನೀರಿಳಿಸ್ತೀನಿ."

*

ಅಂಗಿಗೆ ಕಾಜಾ ಹೊಡೆಯುವವಳೂ ಗುಂಡಿ ಹಚ್ಚುವವಳೂ ಅಕ್ಕಪಕ್ಕದ ಮಿಶಿನ್‌ನಲ್ಲಿ ಕೂರುತ್ತಾರೆ. ಒಬ್ಬಳು ಗುಂಡಿ ತೂರುವ ತೂತು ಮಾಡಿ ಅಂಗಿಯನ್ನು ಸರಿಸಬೇಕು, ಇನ್ನೊಬ್ಬಳು ಅದಕ್ಕೆ ಸರಿಯಾಗಿ ಗುಂಡಿ ಕೂರಿಸಬೇಕು. ಹದಿನಾಲ್ಕು ವರ್ಷ ಹಾಗೆ ಕೂತವರು ಅವರು. "ಅವಳ ತೂತು ನನ್ನ ಗುಂಡಿಗೆ ಗೊತ್ತು," ಎಂದು ಅಕ್ಕ ನಗುತ್ತಿದ್ದಳು. "ಗಂಡನ ಮುಖಕ್ಕಿಂತ ಅವಳ ಕೈಯನ್ನೇ ಜಾಸ್ತಿ ನೋಡಿದ್ದೀನಿ ಕಣೇ."

ನಲವತ್ತೇಳಕ್ಕೆ ಅಕ್ಕನ ಮೈ ಕೈಕೊಟ್ಟಿತು. ಮುಟ್ಟು ಮೂರು ತಿಂಗಳಿಗೊಮ್ಮೆ ಬಂದು ಹತ್ತು ದಿನ ನಿಲ್ಲುತ್ತಿರಲಿಲ್ಲ. ಕುಳಿತಲ್ಲೇ ಎದೆಯಿಂದ ನೆತ್ತಿಗೆ ಬೆಂಕಿ ಏರಿ ಬೆನ್ನೆಲ್ಲ ಒದ್ದೆ. ನಿದ್ದೆಯಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಕಾಲು ಸೋಲು. ಅವಳ ಮಿಶಿನ್‌ನ ಹಿಂದೆಯೇ ಅಂಗಿಗಳಿಗೆ ಇಸ್ತ್ರಿ ಹಾಕುವ ಉಗಿಯ ಮೇಜು. ಜಾಗ ಬದಲಿಸಿಕೊಡಿ ಎಂದು ಸೂಪರ್‌ವೈಸರನನ್ನು ಕೇಳಿದ್ದಕ್ಕೆ ಅವನು ಇಡೀ ಸಾಲಿಗೆ ಕೇಳುವ ಹಾಗೆ, "ಗುಂಡಿಯಕ್ಕನಿಗೆ ಈಗ ಎಲ್ಲಿ ಕೂತರೂ ಬೇಸಿಗೆ," ಎಂದಿದ್ದ. ಹೆಂಗಸರೂ ನಕ್ಕಿದ್ದರು. ಅಕ್ಕನೂ ನಕ್ಕಿದ್ದಳು. ಅದನ್ನು ಹೇಳುವಾಗ ಮಾತ್ರ ಅವಳು ನಗಲಿಲ್ಲ.

ದವಾಖಾನೆಗೂ ಹೋಗಿದ್ದಳು. ಎರಡು ಗಂಟೆ ಕಾದಳು. ಡಾಕ್ಟರು ತಲೆ ಎತ್ತದೆ, "ವಯಸ್ಸು ಎಷ್ಟಮ್ಮ?" ಎಂದರು. ಹೇಳಿದಳು. "ಮತ್ತೆ? ಈ ವಯಸ್ಸಲ್ಲಿ ಇದೆಲ್ಲ ಇರೋದೇ. ಸ್ವಲ್ಪ ಸಹಿಸ್ಕೊಳ್ಳಿ." ಅಷ್ಟಕ್ಕೇ ಮುಂದಿನವರ ಹೆಸರು ಕೂಗಿದರು. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನು, "ಡಾಕ್ಟರೇ ಏನಿಲ್ಲ ಅಂದಮೇಲೆ ಮುಗೀತಲ್ಲ," ಎಂದು ನೆಮ್ಮದಿಯಾಗಿ ಊಟಕ್ಕೆ ಕೂತ.

ಆಗಲೇ ಕಾಜಾದವಳು ತನ್ನ ಚೀಲದಿಂದ ಆ ಡಬ್ಬಿ ತೆಗೆದು ಕೊಟ್ಟದ್ದು. ಯಾವುದೋ ಗಿಡದ ಬೇರು, ಬರೀ ಬೇರು, ಏನೂ ಕಲಬೆರಕೆಯಿಲ್ಲ ಎಂದಳು. ತಾನೂ ತಿನ್ನುತ್ತೇನೆ ಎಂದಳು. ಕಾರ್ಖಾನೆಯ ಹತ್ತಾರು ಹೆಂಗಸರಿಗೆ ಅವಳೇ ತರಿಸಿಕೊಡುತ್ತಿದ್ದಳು.

ಅದು ಕೆಲಸ ಮಾಡಿದ್ದೇ ಎಡವಟ್ಟಾಯಿತು. ಮೂರು ವಾರಕ್ಕೆ ಅಕ್ಕನಿಗೆ ನಿದ್ದೆ ಬಂತು. ಬೆಂಕಿ ಇಳಿಯಿತು. ಒಂದು ಭಾನುವಾರ ಕಿಡಿ ಬಂದಾಗ ಅವಳು ಸ್ಟೂಲಿನ ಮೇಲೆ ನಿಂತು ಫ್ಯಾನ್ ಒರೆಸುತ್ತ ಹಾಡು ಗುನುಗುತ್ತಿದ್ದಳು. ಕಿಡಿ ಸೊಂಟಕ್ಕೆ ಕೈಯಿಟ್ಟು ನೋಡಿ, "ಏನೇ ಅಕ್ಕ, ಹತ್ತು ವರ್ಷ ಎಲ್ಲಿ ಬಿಚ್ಚಿಟ್ಟು ಬಂದೆ? ನನಗೂ ಒಂದು ಡಬ್ಬಿ ತರಿಸು," ಎಂದಿದ್ದಳು.

ತರಿಸಿಯೂ ಕೊಟ್ಟಿದ್ದಳು. ಕಿಡಿ ಎಂಟು ದಿನ ತಿಂದು, ತೇಗಿದರೆ ಕುದುರೆ ಲಾಯದ ವಾಸನೆ ಬರುತ್ತದೆ ಎಂದು ಬಿಸಾಡಿದ್ದಳು. ಅಕ್ಕ ತಿನ್ನುವುದು ಬಿಡಲಿಲ್ಲ. ಕಾರ್ಖಾನೆಯಲ್ಲಿ ದೊಡ್ಡ ಆರ್ಡರ್ ಬಂದು ಎಲ್ಲರೂ ಹೆಚ್ಚು ಹೊತ್ತು ಕೂರಬೇಕಾದಾಗ ದಿನಕ್ಕೆರಡು ಮಾತ್ರೆ ನಾಲ್ಕಾಯಿತು.

*

ಹತ್ತಕ್ಕೆ ಕಾರ್ಖಾನೆಯವರು ಬಂದರು. ಮೂವತ್ತು ಹೆಂಗಸರು, ಮುಂದೆ ಸೂಪರ್‌ವೈಸರ್. ನಡುಮನೆಯಲ್ಲಿ ಜಾಗ ಸಾಲದೆ ಅರ್ಧ ಜನ ಅಂಗಳದಲ್ಲೇ ನಿಂತರು. ಅಕ್ಕನ ಮುಖ ನೋಡಿದವರೆಲ್ಲ ಒಂದು ಕ್ಷಣ ಬೆಚ್ಚಿ ಕಣ್ಣು ತಪ್ಪಿಸುತ್ತಿದ್ದರು. ಹಣೆ, ಕತ್ತು, ಕೈಬೆರಳು, ಎಲ್ಲ ಹಳದಿ. ಉಗುರಿನ ಬುಡವೂ ಹಳದಿ.

ಸೂಪರ್‌ವೈಸರ್ ಹೂವಿನ ಹಾರ ಇಟ್ಟು ಭಾವನ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡ. "ಏನು ಹೇಳೋದು ಸಾರ್. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಸುಮ್ಮನೆ ರಜೆ ಹಾಕಿದವರಲ್ಲ. ಕಳೆದ ತಿಂಗಳು ಕೂಡ, ಮೈ ಸರಿಯಿಲ್ಲದಿದ್ದರೂ ಬಂದು ಆರ್ಡರ್ ಮುಗಿಸಿಕೊಟ್ಟರು. ಅಂಥ ಜೀವ."

ಕಿಡಿಯ ಮೈ ಉರಿದುಹೋಯಿತು. "ಮೈ ಸರಿಯಿಲ್ಲ ಅಂತ ನಿಮಗೆ ಗೊತ್ತಿತ್ತಾ?"

ಅವನು ತಿರುಗಿ ನೋಡಿದ. "ಅಲ್ಲಮ್ಮ, ಸ್ವಲ್ಪ ಸುಸ್ತು ಅಂತಿದ್ದರು..."

"ಸುಸ್ತು ಅಂದವಳ ಮುಖ ನೋಡಿದ್ರಾ, ಇಲ್ಲ ಎಷ್ಟು ಅಂಗಿ ಆಯ್ತು ಅಂತ ನೋಡಿದ್ರಾ? ಉಗಿ ಮೇಜಿನ ಮುಂದಿಂದ ಎದ್ದು ಆಚೆ ಕೂರ್ತೀನಿ ಅಂದರೆ ಹಾಸ್ಯ ಮಾಡಿದ್ರಲ್ಲ. ಈಗ ಮಾಡಿ. ಅವಳೀಗ ತಣ್ಣಗಿದ್ದಾಳೆ, ಮುಟ್ಟಿ ನೋಡಿ!"

ಭಾವ ಎದ್ದು ಬಂದು ಅವಳ ತೋಳು ಹಿಡಿದ. "ಸುಮ್ಮನಿರಮ್ಮ. ಬಂದವರ ಮುಂದೆ ಇದೆಲ್ಲ..."

"ನೀವು ಮಾತಾಡಬೇಡಿ ಭಾವ. ಒಂದೇ ಹಾಸಿಗೆಯಲ್ಲಿ ಮಲಗ್ತಿದ್ರಿ. ಅವಳ ಕಣ್ಣು ಹಳದಿಯಾಗಿದ್ದು ನಿಮಗೆ ಕಾಣಲಿಲ್ವಾ?"

ಪೈಪು ತಿರುವಿ ಗಟ್ಟಿಯಾದ ಭಾವನ ಬೆರಳುಗಳು ಅವಳ ತೋಳಿನ ಮೇಲೆ ಸಡಿಲವಾದವು. "ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಅವಳು ಹೋಗಿರ್ತಿದ್ದಳು," ಎಂದ. "ಸಂಜೆ ಬಲ್ಬಿನ ಬೆಳಕಲ್ಲಿ ಎಲ್ಲರೂ ಹಳದೀನೇ ಕಾಣ್ತಾರೆ."

ಕಿಡಿ ತೋಳು ಬಿಡಿಸಿಕೊಂಡು ಅಂಗಳಕ್ಕೆ ಹೊರಟಳು. ಆ ಮಾತಿಗೆ ಅವಳ ಕೋಪ ಇನ್ನೂ ಹೆಚ್ಚಾಗಿತ್ತು.

*

ಆಸ್ಪತ್ರೆಯಲ್ಲಿ ಕೊನೆಯ ದಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಅವರೆಲ್ಲರನ್ನೂ ಕೂರಿಸಿಕೊಂಡು ಹೇಳಿದ್ದರು. "ಲಿವರ್ ಪೂರ್ತಿ ಹೋಗಿದೆ. ಬೇರೆ ಎಲ್ಲ ಕಾರಣ ಹುಡುಕಿ ನೋಡಿದ್ವಿ. ಈ ಬೇರಿನ ಮಾತ್ರೇನೇ ಇರಬೇಕು. ತಿಂದವರಿಗೆಲ್ಲ ಹೀಗಾಗಲ್ಲ. ಸಾವಿರಾರು ಜನ ತಿಂದು ಚೆನ್ನಾಗೇ ಇರ್ತಾರೆ. ಯಾರ ಲಿವರ್ ತಡ್ಕೊಳ್ಳಲ್ಲ ಅಂತ ಮೊದಲೇ ಗೊತ್ತಾಗಲ್ಲ."

"ಮೊದಲೇ ಬಂದಿದ್ದರೆ?" ಎಂದು ಕಿಡಿ ಕೇಳಿದ್ದಳು.

"ಕಣ್ಣು ಹಳದಿಯಾದ ತಕ್ಷಣ ನಿಲ್ಲಿಸಿ ಬಂದರೆ ಹೆಚ್ಚಿನವರು ಉಳೀತಾರೆ."

ಕಣ್ಣು ಹಳದಿಯಾದದ್ದನ್ನು ಕಿಡಿ ನೋಡಿದ್ದಳು. ಮೂರು ವಾರದ ಹಿಂದೆ ಅಡುಗೆಮನೆಯ ಕಿಟಕಿಯ ಹತ್ತಿರ, ಹಗಲ ಬೆಳಕಲ್ಲೇ. "ಏನೇ ಕಣ್ಣು ಹೀಗಿದೆ?" ಎಂದಿದ್ದಳು. "ನಿದ್ದೆಗೆಟ್ಟಿದ್ದೀನಿ ಕಣೇ, ಆರ್ಡರ್ ಮುಗೀಲಿ," ಎಂದಿದ್ದಳು ಅಕ್ಕ. ಅಷ್ಟರಲ್ಲಿ ಯಾವುದೋ ಮಗುವಿನ ಅಪ್ಪನ ಫೋನು ಬಂತು. ಕಿಡಿ ಅವನಿಗೆ ಜೋರು ಮಾಡುತ್ತ ಮೆಟ್ಟಿಲಿಳಿದು ಹೋಗಿದ್ದಳು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

*

"ಕಾಜಾದವಳು ಎಲ್ಲಿ?" ಎಂದು ಅವಳು ಅಂಗಳದ ಹೆಂಗಸರನ್ನು ಕೇಳಿದಳು. ಒಬ್ಬಳ ಕಣ್ಣು ಗೇಟಿನಾಚೆ ಹೋಯಿತು.

ರಸ್ತೆಯ ಆ ಬದಿ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ, ಕಪ್ಪು ಕನ್ನಡಕ ಹಾಕಿಕೊಂಡು ಅವಳು ಕೂತಿದ್ದಳು. ಕಿಡಿ ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿದಳು.

"ಏಳು. ಒಳಗೆ ಬಾ. ನೋಡು ಬಾ ನಿನ್ನ ಬೇರು ಏನು ಮಾಡಿದೆ ಅಂತ."

ಕಾಜಾದವಳು ಏಳಲಿಲ್ಲ. "ನನಗೆ ಆಗಲ್ಲ," ಎಂದಳು.

"ಆಗಲ್ವಾ? ಮಾರೋಕೆ ಆಯ್ತು, ನೋಡೋಕೆ ಆಗಲ್ವಾ? ಶೋಕಿಗೆ ಕನ್ನಡಕ ಬೇರೆ ಕೇಡು ನಿನಗೆ! ತೆಗಿ. ನನ್ನ ಮುಖ ನೋಡಿ ಮಾತಾಡು."

ಅವಳು ತೆಗೆಯುವಂತೆ ಕಾಣಲಿಲ್ಲ. ಕಿಡಿಯೇ ಬಗ್ಗಿ ಕಿತ್ತುಕೊಂಡಳು.

ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಬಿಸಿಲು ನೇರ ಮುಖದ ಮೇಲೆ ಬೀಳುತ್ತಿತ್ತು. ಅತ್ತು ಕೆಂಪಾದ ರೆಪ್ಪೆಗಳ ನಡುವೆ ಎರಡು ಕಣ್ಣು, ಅರಿಸಿನ ಕಲಸಿದ ನೀರಿನ ಹಾಗೆ.

"ಎಷ್ಟು ದಿನದಿಂದ?" ಎಂದಳು ಕಿಡಿ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

"ಒಂದು ವಾರ ಆಯ್ತೇನೋ."

"ನಿಲ್ಲಿಸಿದೆಯಾ?"

ಕಾಜಾದವಳು ತಲೆಯಾಡಿಸಿದಳು. ಇಲ್ಲ.

"ನಿನಗೇನು ತಲೆಗಿಲೆ ಕೆಟ್ಟಿದೆಯಾ? ಅವಳು ಆಸ್ಪತ್ರೆಯಲ್ಲಿ ಆ ಸ್ಥಿತಿಯಲ್ಲಿ ಮಲಗಿರುವಾಗ, ಆಮೇಲೂ ತಿಂದೆಯಾ?"

"ನಿಲ್ಲಿಸಿದರೆ..." ಅವಳು ತನ್ನ ಅಂಗೈ ನೋಡಿಕೊಳ್ಳುತ್ತ ಹೇಳಿದಳು. "ನಿಲ್ಲಿಸಿದರೆ ನಾನೇ ಅವಳನ್ನ ಕೊಂದೆ ಅಂತ ಒಪ್ಕೊಂಡ ಹಾಗಲ್ವಾ? ನಾನೂ ಅದನ್ನೇ ತಿಂತೀನಿ, ನನಗೇನೂ ಆಗಿಲ್ಲ, ಬೇರಿಂದ ಅಲ್ಲ ಅಂತ ಹೇಳ್ಕೋತಿದ್ದೆ. ಇವತ್ತು ಬೆಳಿಗ್ಗೇನೂ ತಿಂದೆ." ತಲೆ ಎತ್ತಿ, "ಅವಳ ಪಕ್ಕ ಹದಿನಾಲ್ಕು ವರ್ಷ ಕೂತಿದ್ದೀನಿ ಕಿಡಿ. ಅವಳಿಗೆ ಕೆಟ್ಟದ್ದು ಕೊಡ್ತೀನಾ?"

ಕಿಡಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ನಿನ್ನೆಯಿಂದ ಬಾಯಲ್ಲಿ ಕೂಡಿಟ್ಟುಕೊಂಡ ಮಾತುಗಳೆಲ್ಲ ಇನ್ನೂ ಅಲ್ಲೇ ಇದ್ದವು, ಒಂದೂ ಕರಗಿರಲಿಲ್ಲ. ಅವಳು ಕಾಜಾದವಳ ರಟ್ಟೆ ಹಿಡಿದು ಎಬ್ಬಿಸಿದಳು.

ಅಷ್ಟರಲ್ಲಿ ಶವವಾಹನ ಬಂದು ಗೇಟಿಗೆ ನಿಂತಿತು. ನಾಲ್ಕು ಜನ ಅಕ್ಕನನ್ನು ಎತ್ತಿ ತಂದರು. ಹಿಂದೆ ಭಾವ, ಅವನ ಪಕ್ಕ ಮಗಳು. ಹುಡುಗಿ ರಸ್ತೆಯಾಚೆ ನೋಡಿದಳು, ಓಡಿಬಂದಳು.

"ಚಿಕ್ಕಮ್ಮ, ಬೇಡ, ಈಗ ಜಗಳ ಬೇಡ. ಹೊರಡೋ ಹೊತ್ತಾಯ್ತು."

"ಇವಳ ಕಣ್ಣು ನೋಡು."

ಹುಡುಗಿ ನೋಡಿದಳು. ಕೈ ಬಾಯಿಗೆ ಹೋಯಿತು.

"ಆ ಡಬ್ಬಿ ಎಲ್ಲಿ? ಡಾಕ್ಟರು ಕೇಳಿದ್ದು? ತಂದುಕೊಡು, ಇವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ನಾನೇ ಕೊಡ್ತೀನಿ." ಕಿಡಿ ವ್ಯಾನಿನ ಬೀಗದಕೈಗೆ ಸೊಂಟ ತಡಕುತ್ತಿದ್ದಳು. "ನಿಮ್ಮಮ್ಮನ ಜೊತೆ ನೀನು ಹೋಗು. ನಿಮ್ಮಪ್ಪನ ಕೈ ಬಿಡಬೇಡ."

"ನೀವು ಬರಲ್ವಾ?"

ಕಿಡಿ ಶವವಾಹನದ ಕಡೆ ನೋಡಿದಳು. ಹಿಂದಿನ ಬಾಗಿಲು ಇನ್ನೂ ತೆರೆದೇ ಇತ್ತು. ಬಿಳಿ ಬಟ್ಟೆಯ ತುದಿ ಕಾಣುತ್ತಿತ್ತು. "ಒಂದು ವಾರ ಆಗಿದೆಯಂತೆ ಕಣೇ," ಎಂದಳು. "ಒಂದು ವಾರ ಅಷ್ಟೇ."

ಕಾಜಾದವಳು ಕೈ ಬಿಡಿಸಿಕೊಳ್ಳಲು ನೋಡಿದಳು. "ನನ್ನನ್ನ ಬಿಟ್ಟುಬಿಡು. ನೀನು ಅಕ್ಕನ ಜೊತೆ ಹೋಗು. ನನಗೆ ಆದದ್ದಾಗಲಿ."

"ಬಾಯಿ ಮುಚ್ಚು. ಸತ್ತು ತಪ್ಪಿಸ್ಕೋತೀಯಾ? ನೀನು ಬದುಕಬೇಕು. ಬದುಕಿ ಕಾರ್ಖಾನೆಯಲ್ಲಿ ಒಬ್ಬೊಬ್ಬರ ಮಿಶಿನ್ ಮುಂದೆ ನಿಂತು ಹೇಳಬೇಕು. ನಿನ್ನನ್ನ ನಾನು ಇಷ್ಟು ಸುಲಭಕ್ಕೆ ಬಿಡಲ್ಲ."

ಶವವಾಹನ ಎಡಕ್ಕೆ ತಿರುಗಿತು, ಶಾಲೆಯ ವ್ಯಾನು ಬಲಕ್ಕೆ.

ಮಕ್ಕಳ ಚಿಕ್ಕ ಸೀಟಿನಲ್ಲಿ ಮೊಣಕಾಲು ಎದೆಗೆ ಆನಿಸಿ ಕಾಜಾದವಳು ಮುದುರಿ ಕೂತಿದ್ದಳು. ಕಿಡಿ ದಾರಿಯುದ್ದಕ್ಕೂ ಬೈದಳು. ಬೇರನ್ನು ಬೈದಳು, ಡಬ್ಬಿಯ ಮೇಲಿನ ಹೆಂಗಸನ್ನು ಬೈದಳು, ತಲೆ ಎತ್ತದ ಡಾಕ್ಟರನ್ನು, ಸೂಪರ್‌ವೈಸರನನ್ನು, ಬಲ್ಬಿನ ಬೆಳಕನ್ನು ಬೈದಳು. ಆಮೇಲೆ ಬೈಗುಳ ಮುಗಿದು, "ನಾನೂ ನೋಡಿದ್ದೆ," ಎಂದಳು. "ಅಡುಗೆಮನೆಯಲ್ಲಿ. ನೋಡಿ, ಫೋನ್ ಎತ್ಕೊಂಡು ಹೊರಟುಹೋದೆ."

ಆಸ್ಪತ್ರೆಗೆ ಇನ್ನು ನೂರು ಗಜ ಇರುವಾಗ ರಸ್ತೆ ಕಟ್ಟಿಕೊಂಡಿತು. ಮುಂದೆ ಲಾರಿ, ಲಾರಿಯ ಮುಂದೆ ಬಸ್ಸು, ಯಾವುದೂ ಅಲುಗುತ್ತಿಲ್ಲ. ಕಿಡಿ ಹಾರ್ನ್ ಒತ್ತಿದಳು. ಯಾರೂ ಸರಿಯಲಿಲ್ಲ. ಅವಳು ಅಂಗೈಯನ್ನು ಹಾರ್ನಿನ ಮೇಲಿಟ್ಟು ಒತ್ತಿದವಳು ಮತ್ತೆ ತೆಗೆಯಲಿಲ್ಲ. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಪಾದಚಾರಿಗಳು ಕಿವಿ ಮುಚ್ಚಿಕೊಂಡರು. ಲಾರಿಯವನು ಇಳಿದು ಬಂದು ಗಾಜು ತಟ್ಟಿ ಏನೋ ಕೂಗಿದ; ಅವನ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವಳು ಅವನನ್ನೇ ನೋಡುತ್ತ ಇನ್ನೊಂದು ಕೈಯನ್ನೂ ಮೊದಲಿನ ಕೈಯ ಮೇಲಿಟ್ಟು, ಮೈಯ ಭಾರವನ್ನೆಲ್ಲ ಅದರ ಮೇಲೆ ಹೇರಿದಳು.