ಎಡಕ್ಕೆ ಅಂದವರು

ತೊಂಡೇಬಾವಿ ಸ್ಟೇಷನ್ನಿನಿಂದ ಒಂದಷ್ಟು ಒಳಕ್ಕೆ ಹೋದರೆ ಸಿಗುವ ಊರಿನ ಸರ್ಕಾರಿ ಶಾಲೆಯಲ್ಲಿ ಸೌಜನ್ಯ ಗಣಿತದ ಟೀಚರು. ಮಂಚೇನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಶಾಲೆಗೆ ಕಂಪ್ಯೂಟರ್ ಪಾಠ ಬಂದಿತ್ತು, ಕಂಪ್ಯೂಟರ್ ಬಂದಿರಲಿಲ್ಲ. ಅದಕ್ಕೆಲ್ಲ ಕೊರಗುತ್ತ ಕೂರುವ ಪೈಕಿಯವಳಲ್ಲ ಅವಳು. ಮನೆಯಲ್ಲಿದ್ದ ಹಳೇ ಲಗ್ನಪತ್ರಿಕೆಗಳ ರಟ್ಟು ಕತ್ತರಿಸಿ ಚೀಟಿ ಮಾಡಿದಳು. ಒಂದರ ಮೇಲೆ ‘ಮುಂದೆ’, ಇನ್ನೊಂದರ ಮೇಲೆ ‘ಎಡಕ್ಕೆ’, ಮತ್ತೊಂದರ ಮೇಲೆ ‘ಬಲಕ್ಕೆ’. ಅಂಗಳದಲ್ಲಿ ಕುಂಟೆಬಿಲ್ಲೆ ಮನೆಗಳ ಹಾಗೆ ಸುಣ್ಣದಲ್ಲಿ ಚೌಕ ಎಳೆಸಿದಳು. ಒಂದು ಮಗು ಕಣ್ಣಿಗೆ ಟವಲ್ ಕಟ್ಟಿಕೊಂಡು ಯಂತ್ರವಾಗಬೇಕು. ಉಳಿದವರು ಚೀಟಿ ಜೋಡಿಸಿ, ಒಂದೊಂದೇ ಓದಿ ಹೇಳುತ್ತ, ಆ ಯಂತ್ರವನ್ನು ಕೊನೆಯ ಚೌಕದಲ್ಲಿಟ್ಟ ತೆಂಗಿನ ಚಿಪ್ಪಿನವರೆಗೂ ಮುಟ್ಟಿಸಬೇಕು.

“ಯಂತ್ರ ತಪ್ಪು ಮಾಡಲ್ಲ ಕಣ್ರಪ್ಪ,” ಎಂದು ಮೊದಲ ದಿನವೇ ಹೇಳಿದ್ದಳು. “ನಾವು ಹೇಳಿದ್ದನ್ನ ಮಾಡುತ್ತೆ, ಅಷ್ಟೆ. ದಾರಿ ತಪ್ಪಿದ್ರೆ ಅದನ್ನ ಬೈಬಾರ್ದು. ಚೀಟಿ ನೋಡ್ಬೇಕು, ಎಲ್ಲಿ ಎಡವಟ್ಟಾಗಿದೆ ಅಂತ ಹುಡುಕ್ಬೇಕು.”

ಆರನೇ ಕ್ಲಾಸಿನ ಪ್ರಿಯಾಂಕಳಷ್ಟು ಒಳ್ಳೆಯ ಯಂತ್ರ ಇನ್ನೊಬ್ಬರಿರಲಿಲ್ಲ. ಕಂಬಕ್ಕೆ ಹಣೆ ತಾಗುವ ಹಾಗಿದ್ದರೂ ಮುಂದೆ ಅಂದರೆ ಮುಂದೆ. ಅವಳಮ್ಮ ರಾಮಲಕ್ಷ್ಮಮ್ಮ ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಅಡುಗೆಮನೆ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಮಗಳ ಆಟ ನೋಡಿ ನಗುತ್ತಿದ್ದಳು.

ಹೀಗಿರುವಾಗ ಗೌರಿಬಿದನೂರಿನಿಂದ ಸಾಹೇಬರೊಬ್ಬರು ಈ ಪಾಠ ನೋಡಲೆಂದೇ ಬಂದರು. ಹೆಡ್‌ಮಾಸ್ಟರ್ ಮುನಿನಾರಾಯಣಪ್ಪನವರು ಅಂಗಳದ ಪಕ್ಕದಲ್ಲೇ ಟೇಬಲ್ ಹಾಕಿಸಿ ಟೀ, ಬಾಳೆಹಣ್ಣು ಇಡಿಸಿದರು. ಮಕ್ಕಳ ಕೈಗೆ ಬಿಟ್ಟರೆ ತಡವಾಗುತ್ತದೆ ಎಂದುಕೊಂಡು ಸೌಜನ್ಯ ಅಂದು ಚೀಟಿಗಳನ್ನು ತಾನೇ ಜೋಡಿಸಿದಳು, ತಾನೇ ಓದಲು ನಿಂತಳು. ಮಕ್ಕಳು ಯಾವಾಗಲೂ ಯಂತ್ರದ ಬೆನ್ನ ಹಿಂದೆ ನಿಂತು ಓದುತ್ತಿದ್ದರು. ಇವಳು ಸಾಹೇಬರಿಗೆ ಚೆನ್ನಾಗಿ ಕಾಣಲೆಂದು ಪ್ರಿಯಾಂಕಳ ಎದುರಿಗೆ ನಿಂತಳು, ಚೀಟಿ ಜೋಡಿಸಿದ್ದೂ ಅಲ್ಲಿಂದಲೇ ನೋಡಿ. ಎದುರು ನಿಂತವರ ಎಡಗೈ ಕಡೆ, ಇತ್ತ ನಡೆದು ಬರುವವರಿಗೆ ಬಲಗೈ ಕಡೆ. ಅದು ಅವಳಿಗೆ ಹೊಳೆಯಲೇ ಇಲ್ಲ.

“ಮುಂದೆ. ಮುಂದೆ. ಎಡಕ್ಕೆ ತಿರುಗು. ಮುಂದೆ. ಮುಂದೆ.”

ಚೀಟಿಯಿಂದ ಕಣ್ಣೆತ್ತದೆ ಓದಿದಳು. ಪ್ರಿಯಾಂಕ ಎಡಕ್ಕೆ ತಿರುಗಿ, ನಡೆದು, ನೆಟ್ಟಗೆ ಟೇಬಲ್ಲಿಗೆ ಹೋಗಿ ಗುದ್ದಿದಳು. ಲೋಟಗಳು ಉರುಳಿ ಟೀ ಸಾಹೇಬರ ಬಿಳಿ ಅಂಗಿಯ ಮೇಲೆಲ್ಲ ಚೆಲ್ಲಿತು.

“ಕಣ್ಣಿಗೆ ಕಟ್ಟಿದ ಬಟ್ಟೇನ ಬುದ್ಧಿಗೂ ಕಟ್ಕೊಂಡಿದ್ದೀಯೇನೆ?” ಸೌಜನ್ಯಳ ಬಾಯಿಂದ ಬಂದೇ ಹೋಯಿತು.

ಹುಡುಗಿ ಟವಲ್ ಬಿಚ್ಚಿದಳು. ಚೆಲ್ಲಿದ್ದನ್ನು ನೋಡಿದಳು. “ನೀವು ಎಡಕ್ಕೆ ಅಂದ್ರಿ ಮಿಸ್,” ಎಂದಳು ಮೆಲ್ಲಗೆ.

ಆಗಲೇ ತಿದ್ದಿಕೊಳ್ಳಬಹುದಿತ್ತು. ಎಡಕ್ಕೆ ಅನ್ನುವ ಚೀಟಿ ಕೈಯಲ್ಲೇ ಇತ್ತು. ಸೌಜನ್ಯ ಅದನ್ನು ಉಳಿದವುಗಳ ಕೆಳಗೆ ಸೇರಿಸಿಬಿಟ್ಟಳು. “ಬಲಕ್ಕೆ ಅಂದೆ ಸಾರ್. ಇವಳು ಗಮನ ಕೊಟ್ಟು ಕೇಳಿಸ್ಕೊಳ್ಳಲ್ಲ.”

ಸುತ್ತ ನಿಂತ ಮಕ್ಕಳೆಲ್ಲ ಅವಳ ಕೈಯಲ್ಲಿದ್ದ ಚೀಟಿಗಳನ್ನು ನೋಡಿದರು.

“ಇರ್ಲಿ ಬಿಡಿ ಮೇಡಂ, ಮಕ್ಕಳಲ್ವಾ,” ಎಂದು ಸಾಹೇಬರು ಕರ್ಚೀಫಿನಿಂದ ಅಂಗಿ ಒರೆಸಿಕೊಂಡರು. ಐಡಿಯಾ ಬಹಳ ಚೆನ್ನಾಗಿದೆ, ಮುಂದಿನ ತಿಂಗಳು ಚಿಂತಾಮಣಿಯಲ್ಲಿ ಬೇರೆ ಶಾಲೆಯ ಮೇಷ್ಟ್ರುಗಳಿಗೂ ತೋರಿಸಿ ಎಂದರು. ಅಷ್ಟರಲ್ಲಿ ರಾಮಲಕ್ಷ್ಮಮ್ಮ ಬಟ್ಟೆ ಹಿಡಿದು ಓಡಿಬಂದಳು. “ತಪ್ಪಾಯ್ತು ಮಿಸ್, ನಮ್ ಹುಡುಗಿ ಸ್ವಲ್ಪ ಮಂಕು,” ಎನ್ನುತ್ತ ಟೇಬಲ್ ಒರೆಸಿದಳು. ಸೌಜನ್ಯ ತಲೆಯಾಡಿಸಿದಳು. ಸಂಜೆ ಬಸ್ಸಿನಲ್ಲಿ ಕೂತಾಗ ಅದನ್ನು ನೆನೆದು ನಾಚಿಕೆಯಿಂದ ಹಿಡಿಯಷ್ಟಾದಳು. ಹೌದು ಮಂಕು ಅನ್ನುವ ಹಾಗೆ ತಲೆಯಾಡಿಸಿದ್ದೆನಲ್ಲ.

ಮಕ್ಕಳು ಮರೆಯುತ್ತಾರೆ ಎಂದು ಸಮಾಧಾನ ಮಾಡಿಕೊಂಡಳು. ಅವರು ಮರೆತಿರಲಿಲ್ಲ. ಮುಂದಿನ ಪಾಠದಲ್ಲಿ ಪ್ರಿಯಾಂಕ ಯಂತ್ರವಾಗಲು ಒಲ್ಲೆ ಎಂದಳು. ಬೇರೆ ಹುಡುಗಿ ಟವಲ್ ಕಟ್ಟಿಕೊಂಡಳು. ಎಡಕ್ಕೆ ಅಂದರೆ ತಿರುಗದೆ ನಿಂತು, ಟವಲಿನ ಕೆಳಗಿಂದ ಇಣುಕಿ, ಸೌಜನ್ಯಳ ಮುಖ ನೋಡಿದಳು. ಇನ್ನೊಬ್ಬ, ಚೀಟಿಯಲ್ಲಿ ಏನಿದ್ದರೂ, ಚಿಪ್ಪು ಇರುವ ಕಡೆಗೇ ಅಂದಾಜಿನಲ್ಲಿ ನಡೆದ. ಚೀಟಿಯನ್ನು ಯಾರೂ ನಂಬುತ್ತಿರಲಿಲ್ಲ. ಬೈಸಿಕೊಳ್ಳದೆ ಪಾರಾಗುವುದು ಹೇಗೆ ಅನ್ನುವುದೊಂದೇ ಆಟವಾಗಿ ಉಳಿದಿತ್ತು. ಅದನ್ನು ಕಲಿಸಿದವಳು ತಾನೇ ಎಂಬುದು ಸೌಜನ್ಯಳಿಗೆ ಚೆನ್ನಾಗಿ ಅರ್ಥವಾಯಿತು.

ಊಟದ ಬಿಡುವಿನಲ್ಲಿ ಅಡುಗೆಮನೆಗೆ ಹೋದಳು. ರಾಮಲಕ್ಷ್ಮಮ್ಮ ಸಾರಿನ ಪಾತ್ರೆ ತೊಳೆಯುತ್ತಿದ್ದಳು.

“ಆವತ್ತು ತಪ್ಪು ನಂದು ರಾಮಲಕ್ಷ್ಮಮ್ಮ. ನಾನೇ ಎಡಕ್ಕೆ ಅಂದಿದ್ದು. ಸಾಹೇಬರ ಮುಂದೆ ಸುಳ್ಳು ಹೇಳ್ದೆ.”

ರಾಮಲಕ್ಷ್ಮಮ್ಮನ ಕೈ ನಿಂತಿತು. “ಪೋನೀಲೆ ಮಿಸ್, ಹೋಗ್ಲಿ ಬಿಡಿ,” ಎಂದಳು. ಆಮೇಲೆ, “ಅವಳೂ ಅದೇ ಹೇಳಿದ್ಲು. ಮಿಸ್ ಮೇಲೆ ಹೇಳ್ತೀಯಾ ಅಂತ ಎರಡು ಬಿಟ್ಟೆ ನಾನು,” ಎಂದು ಮತ್ತೆ ತೊಳೆಯತೊಡಗಿದಳು.

ಆ ಏಟು ತನ್ನ ಕೈಯಿಂದಲೇ ಬಿದ್ದ ಹಾಗೆನಿಸಿತು ಸೌಜನ್ಯಳಿಗೆ. ಅಲ್ಲಿಂದ ಸೀದಾ ಕ್ಲಾಸಿಗೆ ಹೋಗಿ, ಕೂರದೆ, ಮಕ್ಕಳ ಮುಂದೆ ನಿಂತು ಹೇಳಿದಳು. “ಪ್ರಿಯಾಂಕ ಸರಿಯಾಗೇ ನಡೆದ್ಲು. ಚೀಟಿ ತಪ್ಪು ಜೋಡಿಸಿದ್ದು ನಾನು. ಆಮೇಲೆ ತಪ್ಪನ್ನ ಅವಳ ಮೇಲೆ ಹಾಕ್ದೆ. ನನ್ನ ಕ್ಷಮಿಸಮ್ಮ ಪ್ರಿಯಾಂಕ.”

ಪ್ರಿಯಾಂಕ ಬೆಂಚಿನ ಮರವನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು. “ಎಲ್ರಿಗೂ ಗೊತ್ತಿತ್ತು ಮಿಸ್,” ಎಂದಳು. ಆ ದನಿಯಲ್ಲಿ ಕೋಪ ಇದ್ದಿದ್ದರೆ ವಾಸಿಯಿತ್ತು.

ಚಿಂತಾಮಣಿಗೂ ಹೋದಳು. ಸಾಹೇಬರು ಮುಂದಿನ ಸಾಲಿನಲ್ಲೇ ಇದ್ದರು. ಚೌಕ, ಚೀಟಿ ಎಲ್ಲ ತೋರಿಸಿದ ಮೇಲೆ, ಟೀ ಚೆಲ್ಲಿದ್ದು ಯಾರಿಂದ, ತಾನು ಹೇಳಿದ ಸುಳ್ಳು ಯಾವುದು, ಅಂದಿನಿಂದ ಮಕ್ಕಳು ಹೇಗಾದರು ಅನ್ನುವುದನ್ನೂ ಹೇಳಿದಳು. ಒಂದಿಬ್ಬರು ತಮಾಷೆ ಎಂದುಕೊಂಡು ನಕ್ಕರು. ಸಾಹೇಬರು ನಗಲಿಲ್ಲ.

ನಿಧಾನವಾಗಿ ಮಕ್ಕಳು ಮತ್ತೆ ಚೀಟಿಯನ್ನು ನಂಬಿ ನಡೆಯತೊಡಗಿದರು. ಪ್ರಿಯಾಂಕ ಮಾತ್ರ ಆ ವರ್ಷವೆಲ್ಲ ಟವಲ್ ಕಟ್ಟಿಕೊಳ್ಳಲಿಲ್ಲ. ಚೀಟಿ ಜೋಡಿಸುವ ಕಡೆ ಕೂರುತ್ತಿದ್ದಳು. ಪ್ರತಿ ತಿರುವಿನಲ್ಲೂ ಎದ್ದು, ಯಂತ್ರವಾದವರ ಬೆನ್ನ ಹಿಂದೆ ಹೋಗಿ ನಿಂತು, ಕೈ ಚಾಚಿ ಎಡ ಯಾವುದೆಂದು ನೋಡಿಕೊಂಡು ಬರುತ್ತಿದ್ದಳು. ಟವಲ್ ಕಟ್ಟಿಕೋ ಎಂದು ಸೌಜನ್ಯ ಅವಳನ್ನು ಒತ್ತಾಯ ಮಾಡಲಿಲ್ಲ.